ಗೇನ್ 11 ಇದ್ದಾಗ ಸುಮ್ಮನಿದ್ದ ಆಂಪ್ಲಿಫೈಯರ್ 1ಕ್ಕೆ ಇಳಿಸಿದರೆ ಯಾಕೆ ಕುಣಿಯುತ್ತದೆ?

ಪ್ರಶ್ನೆ: ನಮ್ಮ ಪಾಲಿಹೌಸಿನಲ್ಲಿ ತಾಪಮಾನ ನೋಡಲು ಎಲ್‌ಎಂ35 ಸೆನ್ಸರ್ ಇಟ್ಟಿದ್ದೇನೆ. ಅದರ ಪಕ್ಕದಲ್ಲೇ ಬ್ರೆಡ್‌ಬೋರ್ಡಿನ ಮೇಲೆ ಟಿಎಲ್072 ಆಪ್-ಆಂಪ್‌ನಿಂದ (ಸಿಗ್ನಲ್ ಹಿಗ್ಗಿಸುವ ಐಸಿ) ಗೇನ್ 1ರ, ಅಂದರೆ ಬಂದ ವೋಲ್ಟೇಜನ್ನು ಹಿಗ್ಗಿಸದೆ ಅಷ್ಟೇ ಆಗಿ ದಾಟಿಸುವ ಬಫರ್ ಮಾಡಿ, 20 ಮೀಟರ್ ಶೀಲ್ಡೆಡ್ ಕೇಬಲ್‌ನಲ್ಲಿ ಮನೆಯೊಳಗಿನ ಮೀಟರಿಗೆ ತಂದಿದ್ದೇನೆ. 27 ಡಿಗ್ರಿ ಇರುವ ಹೊತ್ತಿನಲ್ಲಿ ಮೀಟರ್ ಒಮ್ಮೆ 34, ಒಮ್ಮೆ 41 ಅನ್ನುತ್ತದೆ. ಕೇಬಲ್ ಮುಟ್ಟಿದರೆ ಅಂಕಿ ಬದಲಾಗುತ್ತದೆ, ಐಸಿ ಬೆಚ್ಚಗಾಗುತ್ತದೆ. ಗೆಳೆಯನ ಸ್ಕೋಪ್ (ಅಲೆ ತೋರಿಸುವ ಆಸಿಲೋಸ್ಕೋಪ್) ತಂದು ನೋಡಿದರೆ ಔಟ್‌ಪುಟ್‌ನಲ್ಲಿ ಸುಮಾರು 900 ಕಿಲೋಹರ್ಟ್ಸ್‌ನ ಅಲೆ! ಅದೇ ಐಸಿಗೆ ಎರಡು ರೆಸಿಸ್ಟರ್ ಸೇರಿಸಿ ಗೇನ್ 11 ಮಾಡಿದರೆ ಅಲೆ ಮಾಯ, 11ರಿಂದ ಭಾಗಿಸಿದರೆ ಅಂಕಿ ಸರಿ. ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಪಾಲನ್ನು ಉಲ್ಟಾ ಮಾಡಿ ಇನ್‌ಪುಟ್‌ಗೆ ವಾಪಸು ಕೊಡುವುದು) ಹೆಚ್ಚಿದಷ್ಟೂ ಆಂಪ್ಲಿಫೈಯರ್ ಸ್ಥಿರವಾಗುತ್ತದೆ ಎಂದು ಡಿಪ್ಲೊಮಾದಲ್ಲಿ ಓದಿದ್ದೆ. ಇಲ್ಲಿ ಉಲ್ಟಾ ಆಗಿದೆ. ಗೆಳೆಯ ಇದಕ್ಕಿಂತ ವೇಗದ ಐಸಿ ಹಾಕು ಅನ್ನುತ್ತಾನೆ. ಹಾಕಲೇ?

ಉತ್ತರ: ಐಸಿ ಬದಲಿಸಬೇಡಿ. ಯಾಕೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿಮ್ಮ ಪಠ್ಯಪುಸ್ತಕದ ವಿಷಯ. ಅದು ಅರ್ಧ ಹೇಳಿ ನಿಲ್ಲಿಸಿದೆ. ಫೀಡ್‌ಬ್ಯಾಕಿಗೆ ನಾವು ಕಾಗದದ ಮೇಲೆ ಬರೆಯುವ ಮೈನಸ್ ಚಿಹ್ನೆ ನಿಧಾನದ ಸಿಗ್ನಲ್‌ಗಳಿಗೆ ಮಾತ್ರ ಮೈನಸ್. ಸಿಗ್ನಲ್ ವೇಗವಾದಂತೆ ಆ ಮೈನಸ್ ಸ್ವಲ್ಪ ಸ್ವಲ್ಪವೇ ತಿರುಗುತ್ತ ಹೋಗಿ, ಯಾವುದೋ ಒಂದು ಆವರ್ತನದಲ್ಲಿ ಪೂರ್ತಿ ಪ್ಲಸ್ ಆಗಿಬಿಡುತ್ತದೆ. ಅಲ್ಲಿಗೆ ತಲುಪುವ ಹೊತ್ತಿಗೆ ಆಂಪ್ಲಿಫೈಯರಿನ ಶಕ್ತಿ ಸಾಕಷ್ಟು ಸೋತಿದ್ದರೆ ಬಚಾವ್. ಸೋತಿರದಿದ್ದರೆ ನೀವು ಕಂಡದ್ದು ಕಾಣುತ್ತದೆ.

ತಿರುಗಿಸುವುದು ತಡ. ಸರ್ಕೀಟಿನ ಭಾಷೆ ಬಿಟ್ಟು ಒಂದು ಕಾಲುವೆಯನ್ನು ನೆನೆಸಿಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಕೂಗು ರಾಯಚೂರಿನ ಕಡೆಯವರಿಗೆ ಹೊಸದಲ್ಲ. ಕೊನೆಯಲ್ಲಿ ನೀರಿಲ್ಲ ಎಂಬ ಸುದ್ದಿ ಬಂದ ಕೂಡಲೇ ಮೇಲೆ ಗೇಟು ಎತ್ತುವವನೊಬ್ಬ ಇದ್ದಾನೆ ಅನ್ನಿ. ಸುದ್ದಿ ಫೋನಿನಲ್ಲಿ ತಕ್ಷಣ ಬರುತ್ತದೆ, ನೀರು ಮಾತ್ರ ದಿನಗಟ್ಟಲೆ ಹರಿದು ಹೋಗಬೇಕು. ಅದು ತಲುಪುವವರೆಗೂ ಕೂಗು ನಿಲ್ಲುವುದಿಲ್ಲ, ಅವನು ಗೇಟನ್ನು ಇನ್ನಷ್ಟು ಎತ್ತುತ್ತಲೇ ಇರುತ್ತಾನೆ. ಕೊನೆಗೆ ಎಲ್ಲ ಒಟ್ಟಿಗೆ ಬಂದು ಗದ್ದೆ ಮುಳುಗುತ್ತದೆ. ಈಗ ಸಾಕು ಸಾಕು ಎಂಬ ಕೂಗು. ಅವನು ಗೇಟು ಇಳಿಸುತ್ತಾನೆ, ಕಾಲುವೆಯಲ್ಲಿ ಆಗಲೇ ಹೊರಟಿರುವ ನೀರು ಮತ್ತೆ ಕೆಲವು ದಿನ ಬರುತ್ತಲೇ ಇರುತ್ತದೆ, ಅವನು ಇನ್ನೂ ಇಳಿಸುತ್ತಾನೆ. ಬರ, ಪ್ರವಾಹ, ಬರ, ಪ್ರವಾಹ. ಅವನ ಪ್ರತಿ ನಿರ್ಧಾರವೂ ಸರಿಯಾದ ದಿಕ್ಕಿನದ್ದೇ, ಬಂದು ಮುಟ್ಟುವ ಹೊತ್ತಿಗೆ ಮಾತ್ರ ತಪ್ಪು ದಿಕ್ಕಿನದಾಗಿರುತ್ತದೆ. ಇವನ ಜಾಗದಲ್ಲಿ ಸ್ವಲ್ಪ ಮಂದಗತಿಯ ಮನುಷ್ಯನನ್ನು ಕೂರಿಸಿ. ಹತ್ತು ಕೂಗಿಗೆ ಒಮ್ಮೆ ಅರ್ಧ ಅಂಗುಲ ಎತ್ತುವವನು. ಕಾಲುವೆ ಅಷ್ಟು ಚೆನ್ನಾಗಿ ನಡೆಯಲಿಕ್ಕಿಲ್ಲ, ಆದರೆ ಈ ತೂಗಾಟ ಇರುವುದಿಲ್ಲ.

ನಿಮ್ಮ ಗೇನ್ 1ರ ಬಫರ್ ಆ ಅವಸರದ ಮನುಷ್ಯ, ಗೇನ್ 11ರದ್ದು ಮಂದಗತಿಯವನು. ಹೇಗೆಂದರೆ, ಬಫರಿನಲ್ಲಿ ಔಟ್‌ಪುಟ್ ಇಡಿಯಾಗಿ ಇನ್‌ಪುಟ್‌ಗೆ ವಾಪಸಾಗುತ್ತದೆ. ಗೇನ್ 11ರಲ್ಲಿ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ವಾಪಸಾಗುತ್ತದೆ. ನಾವು ಹೊರಗಿನಿಂದ ಗೇನ್ ಕಡಿಮೆ, ಅಂದರೆ ಸೌಮ್ಯ ಅಂದುಕೊಳ್ಳುತ್ತೇವೆ. ಒಳಗೆ ಸುತ್ತುವ ಲೂಪ್‌ನ ದೃಷ್ಟಿಯಲ್ಲಿ ಅದೇ ಅತ್ಯಂತ ಉಗ್ರ ಸ್ಥಿತಿ. ಔಟ್‌ಪುಟ್‌ನಿಂದ ಹೊರಟ ಸಿಗ್ನಲ್ ಫೀಡ್‌ಬ್ಯಾಕ್ ದಾರಿಯಲ್ಲಿ ಬಂದು, ಆಪ್-ಆಂಪ್ ಹೊಕ್ಕು, ಮತ್ತೆ ಔಟ್‌ಪುಟ್ ಮುಟ್ಟುವಷ್ಟರಲ್ಲಿ ಎಷ್ಟು ಪಟ್ಟಾಯಿತು ಎಂಬುದೇ ಲೂಪ್ ಗೇನ್. ಸ್ಥಿರತೆಯನ್ನು ನಿರ್ಧರಿಸುವುದು ಅದು. ನೀವು ಹೊರಗೆ ಅಳೆಯುವ ಗೇನ್‌ಗೆ ಇಲ್ಲಿ ಮಾತೇ ಇಲ್ಲ.

ಆಂಪ್ಲಿಫೈಯರಿನೊಳಗೆ ತಡ ಎಲ್ಲಿಂದ ಬರುತ್ತದೆ? ಪ್ರತಿ ಟ್ರಾನ್ಸಿಸ್ಟರಿನ ಜಂಕ್ಷನ್ನಿಗೂ ಒಂದಿಷ್ಟು ಕೆಪಾಸಿಟೆನ್ಸ್ ಇದೆ. ಅದನ್ನು ತುಂಬಲು ಬರುವ ಕರೆಂಟು ಯಾವುದೋ ರೆಸಿಸ್ಟೆನ್ಸ್ ದಾಟಿಯೇ ಬರಬೇಕು. ಹೀಗೆ ಒಂದು ರೆಸಿಸ್ಟೆನ್ಸ್, ಒಂದು ಕೆಪಾಸಿಟೆನ್ಸ್ ಸೇರಿದ ಕಡೆಯೆಲ್ಲ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ವೇಗದ ಸಿಗ್ನಲ್ ಸಣ್ಣದಾಗುತ್ತದೆ ಮತ್ತು ಹಿಂದೆ ಬೀಳುತ್ತದೆ. ಅಲೆಯ ಒಂದು ಪೂರ್ತಿ ಸುತ್ತನ್ನು 360 ಡಿಗ್ರಿ ಎಂದು ಎಣಿಸಿದರೆ, ಆ ಜೋಡಿಯ ಮೂಲೆ ಆವರ್ತನದಲ್ಲಿ, ಅಂದರೆ ಇಳಿಜಾರು ಶುರುವಾಗುವ ಜಾಗದಲ್ಲಿ, 45 ಡಿಗ್ರಿ ಹಿಂದೆ, ಅದರ ಹತ್ತು ಪಟ್ಟಿನಲ್ಲಿ ಸುಮಾರು 84 ಡಿಗ್ರಿ. ಎಷ್ಟೇ ಮೇಲೆ ಹೋದರೂ ಒಂದು ಜೋಡಿ 90 ದಾಟಿಸಲಾರದು. ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆಗಲು 180 ಡಿಗ್ರಿ ಬೇಕು. ಹಾಗಾಗಿ ಒಂದೇ ಜೋಡಿಯಿದ್ದರೆ ಭಯವಿಲ್ಲ. ಎರಡಿದ್ದರೂ 180ರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. ಮೂರನೆಯದು ಬಂತೋ, ಆಟ ಶುರು.

ಮೂರು ಒಂದೇ ಥರದ ಜೋಡಿಗಳನ್ನು ಸಾಲಾಗಿ ಇಟ್ಟಿದ್ದೀರಿ, ಒಂದರ ಮೇಲೊಂದರ ಭಾರ ಬೀಳದಂತೆ ನಡುವೆ ಬಫರ್ ಇದೆ ಅಂದುಕೊಳ್ಳಿ. ಪ್ರತಿಯೊಂದೂ 60 ಡಿಗ್ರಿ ಹಿಂದೆ ತಳ್ಳುವ ಆವರ್ತನದಲ್ಲಿ ಒಟ್ಟು 180. ಆ ಆವರ್ತನದಲ್ಲಿ ಪ್ರತಿ ಜೋಡಿಯೂ ಸಿಗ್ನಲ್ಲನ್ನು ಸರಿಯಾಗಿ ಅರ್ಧಕ್ಕಿಳಿಸಿರುತ್ತದೆ, ಮೂರೂ ಸೇರಿ ಎಂಟರಲ್ಲೊಂದು. ಅಂದರೆ ಲೂಪ್ ಗೇನ್ ನಿಧಾನದ ಸಿಗ್ನಲ್‌ಗೆ 8ಕ್ಕಿಂತ ಹೆಚ್ಚಿದ್ದರೆ ಆ ಸರ್ಕೀಟು ಕೂಗಿಯೇ ಕೂಗುತ್ತದೆ, ಅಂದರೆ ತಾನಾಗಿಯೇ ಅಲೆ ಎಬ್ಬಿಸುತ್ತದೆ. ಎಂಟು! ಫೀಡ್‌ಬ್ಯಾಕ್ ಹಾಕದ ಒಂದು ಸಾಧಾರಣ ಆಪ್-ಆಂಪ್‌ನ ಗೇನ್ ಎರಡು ಲಕ್ಷ. ಒಳಗೆ ಇರುವ ಹಂತಗಳೂ ಎರಡು ಮೂರು. ಯಾರೂ ಏನೂ ಮಾಡದೆ ಬಿಟ್ಟರೆ ಅದು ಕೂಗದೇ ಇರಲು ಕಾರಣವೇ ಇಲ್ಲ. ಆಪ್-ಆಂಪ್ ಯಾಕೆ ಕೂಗುತ್ತದೆ ಅನ್ನುವುದಕ್ಕಿಂತ, ಇಷ್ಟು ದಿನ ಹೇಗೆ ಸುಮ್ಮನಿತ್ತು ಅನ್ನುವುದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಇದು ಮೊದಲು ಕಾಡಿದ್ದು ಅಮೆರಿಕದ ಟೆಲಿಫೋನ್ ಎಂಜಿನಿಯರುಗಳನ್ನು. ದೂರದ ತಂತಿಯುದ್ದಕ್ಕೂ ಅಲ್ಲಲ್ಲಿ ಆಂಪ್ಲಿಫೈಯರ್ ಇಡಬೇಕಿತ್ತು, ಪ್ರತಿಯೊಂದೂ ತನ್ನ ಪಾಲಿನ ವಿಕಾರ ಸೇರಿಸಿ ಮಾತನ್ನು ಕೆಡಿಸುತ್ತಿತ್ತು. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿ ದಾಟುವ ಫೆರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪುಟದ ಮೇಲೆಯೇ ನೆಗೆಟಿವ್ ಫೀಡ್‌ಬ್ಯಾಕಿನ ಲೆಕ್ಕ ಗೀಚಿದರು. ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಗೇನ್ ಇರುವ ಆಂಪ್ಲಿಫೈಯರ್ ಕಟ್ಟಿ, ಹೆಚ್ಚುವರಿಯನ್ನು ವಾಪಸು ತಿರುಗಿಸಿ ಎಸೆಯುವುದು. ಕಷ್ಟಪಟ್ಟು ಗಳಿಸಿದ ಗೇನನ್ನು ಎಸೆಯುವುದೇ ಎಂದು ಅನೇಕರಿಗೆ ವಿಚಿತ್ರವೆನಿಸಿತು. 1928ರಲ್ಲಿ ಹಾಕಿದ ಪೇಟೆಂಟ್ ಅರ್ಜಿಗೆ ಮಂಜೂರಾತಿ ಸಿಕ್ಕಿದ್ದು 1937ರ ಡಿಸೆಂಬರಿನಲ್ಲಿ. ಆಂಪ್ಲಿಫೈಯರುಗಳೋ, ಕೆಲವು ಕೆಲಸ ಮಾಡಿದವು, ಕೆಲವು ಹಾಡತೊಡಗಿದವು. ಟೆಲಿಫೋನಿನವರು ಈ ಕೂಗಿಗೆ ಇಟ್ಟಿದ್ದ ಹೆಸರೇ ಹಾಡು.

ಯಾವುದು ಹಾಡುತ್ತದೆ, ಯಾವುದು ಹಾಡುವುದಿಲ್ಲ ಎಂದು ಕಟ್ಟುವ ಮೊದಲೇ ಹೇಳುವ ದಾರಿಯನ್ನು ತೋರಿಸಿದವರು ಅದೇ ಬೆಲ್ ಟೆಲಿಫೋನ್ ಬಳಗದ ಹ್ಯಾರಿ ನೈಕ್ವಿಸ್ಟ್, 1932ರಲ್ಲಿ. ಅವರು ಬಿಡಿಸಿದ ಗಂಟು ಕಾಲೇಜಿನಲ್ಲಿ ಅಷ್ಟಾಗಿ ಹೇಳಿಕೊಡದ ಗಂಟು, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ನಿಮಗೆ ಗೊತ್ತಿರುವ ಸೂತ್ರ: ಫೀಡ್‌ಬ್ಯಾಕ್ ಹಾಕಿದ ಮೇಲಿನ ಗೇನ್ = ಎ ÷ (1 + ಎ × ಬೀಟಾ). ಎ ಅಂದರೆ ಆಂಪ್ಲಿಫೈಯರಿನ ಸ್ವಂತ ಗೇನ್, ಬೀಟಾ ಅಂದರೆ ವಾಪಸಾಗುವ ಪಾಲು, ಎ × ಬೀಟಾ ಅಂದರೆ ಲೂಪ್ ಗೇನ್. ಅದು −1 ಆದರೆ ಕೆಳಗೆ ಸೊನ್ನೆ, ಉತ್ತರ ಅನಂತ, ಆದ್ದರಿಂದ ಆಸಿಲೇಶನ್ (ಈ ಕೂಗಿನ ಪುಸ್ತಕದ ಹೆಸರು) ಎಂದು ಬರೆದು ಎಲ್ಲರೂ ಅಂಕ ಪಡೆದಿದ್ದೇವೆ. ಸರಿ, ಲೂಪ್ ಗೇನ್ −2 ಆದರೆ? ಸೂತ್ರ ಹೇಳುವ ಗೇನ್ −ಎ, ನೋಡಲು ಸಭ್ಯವಾದ ಉತ್ತರ. ಕಾಗದಕ್ಕೆ ಏನೂ ತೊಂದರೆ ಕಾಣುವುದಿಲ್ಲ. ಬೆಂಚಿನ ಮೇಲೆ ಮಾತ್ರ ಅಂಥ ಸರ್ಕೀಟು ಸಾಧಾರಣವಾಗಿ ಕಿರುಚುತ್ತಿರುತ್ತದೆ. ಯಾಕೆಂದರೆ ಸೂತ್ರ ಎಲ್ಲವೂ ತಣ್ಣಗಾಗಿ ನೆಲೆಗೊಂಡ ಮೇಲಿನ ಲೆಕ್ಕ. ನೆಲೆಗೊಳ್ಳುತ್ತದೆಯೇ ಎಂದು ಅದು ಕೇಳುವುದೇ ಇಲ್ಲ. ಮೊನೆಯ ಮೇಲೆ ನಿಲ್ಲಿಸಿದ ಪೆನ್ಸಿಲ್ ಬಲಗಳ ಲೆಕ್ಕದಲ್ಲಿ ನಿಲ್ಲುತ್ತದೆ, ಮೇಜಿನ ಮೇಲೆ ನಿಲ್ಲುವುದಿಲ್ಲ. ನೈಕ್ವಿಸ್ಟ್ ಕೇಳಿದ್ದು, ಒಂದು ಸಣ್ಣ ತಳ್ಳಾಟ ಲೂಪ್ ಸುತ್ತುತ್ತ ಸುತ್ತುತ್ತ ಕರಗುತ್ತದೆಯೋ ಬೆಳೆಯುತ್ತದೆಯೋ ಎಂದು. ಎಲ್ಲ ಆವರ್ತನಗಳಲ್ಲಿ ಲೂಪ್ ಗೇನ್ ಎಷ್ಟು, ಎಷ್ಟು ತಿರುಗಿದೆ ಎಂದು ಗುರುತು ಹಾಕುತ್ತ ಹೋದರೆ ಒಂದು ಗೆರೆ ಮೂಡುತ್ತದೆ. ಆ ಗೆರೆ −1 ಎಂಬ ಬಿಂದುವನ್ನು ಸುತ್ತುವರಿಯುತ್ತದೆಯೇ ಎಂಬುದರ ಮೇಲೆ ಉತ್ತರ. ಇದರಿಂದ ಇನ್ನೊಂದು ವಿಚಿತ್ರವೂ ಬಯಲಾಯಿತು: 180 ಡಿಗ್ರಿಯಲ್ಲಿ ಲೂಪ್ ಗೇನ್ ಒಂದಕ್ಕಿಂತ ಹೆಚ್ಚಿದ್ದೂ ಸುಮ್ಮನಿರುವ ಆಂಪ್ಲಿಫೈಯರುಗಳಿವೆ. ಅವುಗಳ ಲೂಪ್ ಗೇನ್ ಕಡಿಮೆ ಮಾಡಿದರೆ ಕೂಗುತ್ತವೆ. ನಿಮ್ಮದು ಆ ಜಾತಿಯದ್ದಲ್ಲ, ಅದನ್ನು ಇಲ್ಲಿಗೆ ಬಿಡೋಣ.

ಬೆಂಚಿನ ಮೇಲೆ ಕೆಲಸ ಮಾಡುವ ನಮ್ಮಂಥವರಿಗೆ ನೈಕ್ವಿಸ್ಟರ ಗೆರೆಗಿಂತ ಅವರ ಸಹೋದ್ಯೋಗಿ ಹೆಂಡ್ರಿಕ್ ಬೋಡೆ ಕೊಟ್ಟ ದಾರಿ ಹತ್ತಿರ. ಆವರ್ತನ ಹತ್ತು ಪಟ್ಟಾದಾಗ ಲೂಪ್ ಗೇನ್ ಹತ್ತನೇ ಒಂದಕ್ಕೆ ಇಳಿಯುತ್ತಿದ್ದರೆ ಸಿಗ್ನಲ್ ಸುಮಾರು 90 ಡಿಗ್ರಿ ಹಿಂದಿದೆ, ನೂರನೇ ಒಂದಕ್ಕೆ ಇಳಿಯುತ್ತಿದ್ದರೆ ಸುಮಾರು 180. ಇಳಿಜಾರು ಎಷ್ಟು ಕಡಿದೋ ತಡ ಅಷ್ಟು ಹೆಚ್ಚು. ಆದ್ದರಿಂದ ನೋಡಬೇಕಾದ ಜಾಗ ಒಂದೇ: ಲೂಪ್ ಗೇನ್ ಇಳಿಯುತ್ತ ಬಂದು 1 ಆಗುವ ಆವರ್ತನ. ಅಲ್ಲಿ ಸಿಗ್ನಲ್ 180ರಿಂದ ಎಷ್ಟು ದೂರ ಇದೆಯೋ ಅದು ಫೇಸ್ ಮಾರ್ಜಿನ್. 60 ಡಿಗ್ರಿ ಉಳಿದಿದ್ದರೆ ನೆಮ್ಮದಿ. 45 ಇದ್ದರೆ ಚೌಕ ಅಲೆ ಕೊಟ್ಟಾಗ ಔಟ್‌ಪುಟ್ ತನ್ನ ಗುರಿಗಿಂತ ಸುಮಾರು ಕಾಲು ಭಾಗ ಮೇಲೆ ಹಾರಿ ಇಳಿಯುತ್ತದೆ. ಹತ್ತು ಇಪ್ಪತ್ತಕ್ಕೆ ಇಳಿದರೆ ಗಂಟೆ ಬಾರಿಸಿದ ಹಾಗೆ ಬಹಳ ಹೊತ್ತು ನಡುಗುತ್ತದೆ. ಮೈಕ್ ಕಟ್ಟಿದ ಸಭೆಯಲ್ಲಿ ಕೂತಿದ್ದರೆ ಇದನ್ನು ಕಿವಿಯಿಂದಲೇ ಕೇಳಿರುತ್ತೀರಿ. ಸ್ಪೀಕರಿನ ದನಿ ಮೈಕಿಗೆ ಮರಳಿ ಕೂಗು ಏಳುವುದಕ್ಕೆ ಸ್ವಲ್ಪ ಮುಂಚೆ, ಭಾಷಣಕಾರರ ಪ್ರತಿ ಮಾತಿನ ಬಾಲಕ್ಕೂ ಒಂದು ಙೀಂ ಅಂಟಿಕೊಳ್ಳುತ್ತದೆ. ವಾಲ್ಯೂಮ್ ಹುಡುಗ ಅದನ್ನು ಕೇಳಿದ ಕೂಡಲೇ ಕೈ ಹಾಕಬೇಕು.

ಈಗ ಆಪ್-ಆಂಪ್ ಕಟ್ಟಿದವರು ಏನು ಮಾಡಿದರು ನೋಡಿ. 1965ರಲ್ಲಿ ಫೇರ್‌ಚೈಲ್ಡ್‌ನಿಂದ ಬಂದ 709 ಎಂಬ ಐಸಿಗೆ ಹೊರಗಿನಿಂದ ರೆಸಿಸ್ಟರು ಕೆಪಾಸಿಟರುಗಳನ್ನು ಜೋಡಿಸದೆ ಬಳಸುವಂತಿರಲಿಲ್ಲ, ಬೆಲೆ ತಪ್ಪಿದರೆ ಕೂಗು. 1968ರ 741ರಲ್ಲಿ 30 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರನ್ನು ಚಿಪ್ಪಿನೊಳಗೇ ಕೂರಿಸಿದರು. ಎರಡನೇ ಹಂತದ ಗೇನ್ ಅದನ್ನು ಎಷ್ಟೋ ಪಟ್ಟು ದೊಡ್ಡದಾಗಿ ತೋರಿಸುವುದರಿಂದ, ಎರಡು ಲಕ್ಷದ ಗೇನ್ ಸುಮಾರು 5 ಹರ್ಟ್ಸ್‌ನಿಂದಲೇ ಇಳಿಯಲು ಶುರುವಾಗುತ್ತದೆ! ಇಳಿದು ಇಳಿದು 1 ಮೆಗಾಹರ್ಟ್ಸ್ ಸುಮಾರಿಗೆ 1 ಆಗುತ್ತದೆ. ಅಷ್ಟೂ ದೂರ ಒಂದೇ ಜೋಡಿಯ ಇಳಿಜಾರು, ಒಂದೇ 90 ಡಿಗ್ರಿ. ಉಳಿದ ಜೋಡಿಗಳು ತಲೆಯೆತ್ತುವ ಹೊತ್ತಿಗೆ ಗೇನ್ ಸತ್ತಿರುತ್ತದೆ. ಬೇಕೆಂದೇ ಸೋಮಾರಿ ಮಾಡಿ ಬೆಳೆಸಿದ ಐಸಿ ಅದು. ಅದಕ್ಕೇ ಯಾರು ಹೇಗೆ ಜೋಡಿಸಿದರೂ ನಡೆಯಿತು, ಅದಕ್ಕೇ ಲ್ಯಾಬ್ ಮೇಷ್ಟ್ರುಗಳ ಅಚ್ಚುಮೆಚ್ಚಾಯಿತು. ನಿಮ್ಮ ಟಿಎಲ್072 ಸಹ ಇದೇ ಉಪಾಯದ್ದು, ಗೇನ್ 1 ಆಗುವುದು ಮಾತ್ರ 3 ಮೆಗಾಹರ್ಟ್ಸ್ ಸುಮಾರಿಗೆ.

ಹಾಗಾದರೆ ನಿಮ್ಮಲ್ಲಿ ಕೆಟ್ಟದ್ದೇನು? ಕೇಬಲ್. ಶೀಲ್ಡೆಡ್ ಕೇಬಲ್ ಅಂದರೆ ಒಂದು ಉದ್ದನೆಯ ಕೆಪಾಸಿಟರ್, ಮೀಟರಿಗೆ ಅಂದಾಜು 100 ಪಿಕೋಫ್ಯಾರಡ್. 20 ಮೀಟರಿಗೆ 2000. ಆಪ್-ಆಂಪ್‌ನ ಔಟ್‌ಪುಟ್‌ಗೆ ಫೀಡ್‌ಬ್ಯಾಕ್ ಇಲ್ಲದಾಗ ಒಳಗೆ ನೂರಿನ್ನೂರು ಓಂ ರೆಸಿಸ್ಟೆನ್ಸ್ ಇರುತ್ತದೆ. ರೆಸಿಸ್ಟೆನ್ಸ್ ಒಳಗೆ, ಕೆಪಾಸಿಟೆನ್ಸ್ ಹೊರಗೆ. ಐಸಿ ಮಾಡಿದವರು ಲೆಕ್ಕ ಹಾಕಿರದ ಹೊಸ ಜೋಡಿಯೊಂದನ್ನು ನೀವು ಲೂಪ್‌ನೊಳಗೆ ತಂದು ಕೂರಿಸಿದಿರಿ. 200 ಓಂ ಹಿಡಿದರೆ ಅದರ ಮೂಲೆ ಸುಮಾರು 400 ಕಿಲೋಹರ್ಟ್ಸ್.

ಇಲ್ಲಿ ಪೆನ್ನು ಹಿಡಿದು ಕೂತುಕೊಳ್ಳಿ, ನಿಮ್ಮ ಪ್ರಶ್ನೆಗೆ ಉತ್ತರ ಇದೇ ಲೆಕ್ಕದಲ್ಲಿದೆ. ಗೇನ್ 1ರ ಬಫರಿನಲ್ಲಿ ಲೂಪ್ ಗೇನ್ 1 ಆಗುವುದು 1 ಮೆಗಾಹರ್ಟ್ಸ್‌ಗಿಂತ ಒಂಚೂರು ಮೇಲೆ. ಅಲ್ಲಿ ಐಸಿಯ ಒಳಗಿನ ಕೆಪಾಸಿಟರಿನ 90 ಡಿಗ್ರಿ, ನಿಮ್ಮ ಕೇಬಲ್‌ನ 69 ಡಿಗ್ರಿ, ಐಸಿಯ ಉಳಿದ ಹಂತಗಳದ್ದು ಹತ್ತು ಹನ್ನೆರಡು. ಒಟ್ಟು 170 ದಾಟಿತು. ಉಳಿದದ್ದು ಹತ್ತು ಡಿಗ್ರಿಗಿಂತ ಕಡಿಮೆ, ಅದನ್ನು ಬ್ರೆಡ್‌ಬೋರ್ಡೂ ಉದ್ದುದ್ದ ಪವರ್ ತಂತಿಗಳೂ ತಿಂದು ಹಾಕಿವೆ. ನೀವು ಕಂಡ 900 ಕಿಲೋಹರ್ಟ್ಸ್ ಈ ಅಂದಾಜಿನ ಮಗ್ಗುಲಲ್ಲೇ ಇದೆ. ಈಗ ಗೇನ್ 11. ವಾಪಸಾಗುವುದು ಹನ್ನೊಂದರಲ್ಲೊಂದು ಪಾಲು, ಹಾಗಾಗಿ ಲೂಪ್ ಗೇನ್ 1ಕ್ಕೆ ಇಳಿಯುವುದು ಬಹಳ ಬೇಗ, ಸುಮಾರು 235 ಕಿಲೋಹರ್ಟ್ಸ್‌ನಲ್ಲೇ. ಕೇಬಲ್ ತನ್ನ ಕೈಚಳಕ ತೋರಿಸುವುದೇ 400ರ ಮೇಲೆ. 235ರಲ್ಲಿ ಅದರ ಕೊಡುಗೆ 31 ಡಿಗ್ರಿ ಮಾತ್ರ. ಒಟ್ಟು 124ರ ಹತ್ತಿರ, ಉಳಿದ ಮಾರ್ಜಿನ್ 56. ಅದೇ ಐಸಿ, ಅದೇ ಕೇಬಲ್, ಅದೇ ತಡ. ಅವಸರದವನ ಬದಲು ಮಂದಗತಿಯವನು ಬಂದ, ಅಷ್ಟೇ.

ಕೂಗು ಶುರುವಾಗಲು ಇನ್‌ಪುಟ್ ಬೇಕಿಲ್ಲ, ರೆಸಿಸ್ಟರಿನಲ್ಲಿ ಸದಾ ಇರುವ ನಾಯ್ಸ್ ಸಾಕು. ಬೆಳೆಯುವುದು ನಿಲ್ಲುವುದು ಐಸಿಯ ಕೈಲಾಗದಾಗ. ಟಿಎಲ್072ರ ಔಟ್‌ಪುಟ್ ಮೈಕ್ರೋಸೆಕೆಂಡಿಗೆ 13 ವೋಲ್ಟ್‌ಗಿಂತ ವೇಗವಾಗಿ ಹತ್ತಿಳಿಯಲಾರದು, ಅದರಿಂದ ಈ ಆವರ್ತನದಲ್ಲಿ ಅಲೆಯ ಎತ್ತರ ಎರಡು ವೋಲ್ಟ್ ಆಸುಪಾಸಿಗೆ ಸೀಮಿತ. ಹತ್ತುವ ವೇಗ, ಇಳಿಯುವ ವೇಗ ಎರಡೂ ತಾಳೆಯಾಗುವುದಿಲ್ಲ, ಹಾಗಾಗಿ ಅಲೆಯ ಸರಾಸರಿ ಇರಬೇಕಾದ ಜಾಗದಲ್ಲಿ ನಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ನಿಮ್ಮ ಮೀಟರ್ 0.27 ವೋಲ್ಟ್ ಬದಲು 0.41 ಓದಿ 41 ಡಿಗ್ರಿ ಅಂದದ್ದು ಇದನ್ನೇ. ಕೇಬಲ್ ಮುಟ್ಟಿದಾಗ ಅಂಕಿ ಬದಲಾದರೆ ತಕ್ಷಣ ಆಸಿಲೇಶನ್ ಎಂದು ಶಂಕಿಸಿ. ಸೆನ್ಸರಿನ ಮೇಲೆ ಗೂಬೆ ಕೂರಿಸಿ ಎರಡು ಮೂರು ಎಲ್‌ಎಂ35 ಬದಲಿಸಿದವರನ್ನು ನೋಡಿದ್ದೇನೆ.

ಪರಿಹಾರ ಒಂದು 100 ಓಂ ರೆಸಿಸ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಒಂದೇ ಒಂದು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ, ಅಷ್ಟು ಅಗ್ಗ. ಅದನ್ನು ಔಟ್‌ಪುಟ್ ಪಿನ್ ಮತ್ತು ಕೇಬಲ್ ನಡುವೆ ಹಾಕಿ. ಫೀಡ್‌ಬ್ಯಾಕ್ ತಂತಿ ಮಾತ್ರ ಪಿನ್ನಿನಿಂದಲೇ ನೇರ ಹೋಗಬೇಕು, ರೆಸಿಸ್ಟರಿನ ಆಚೆ ಬದಿಯಿಂದ ತೆಗೆದರೆ ಪ್ರಯೋಜನವಿಲ್ಲ. ಹೀಗೆ ಮಾಡಿದಾಗ ವೇಗದ ಸಿಗ್ನಲ್‌ಗಳಿಗೆ ಕೇಬಲ್ ಬರೀ ಕೆಪಾಸಿಟರಾಗಿ ಕಾಣುವ ಬದಲು 100 ಓಂ ರೆಸಿಸ್ಟರಿನ ಹಿಂದೆ ಅಡಗುತ್ತದೆ. 800 ಕಿಲೋಹರ್ಟ್ಸ್‌ನಿಂದ ಮೇಲೆ ಕಳೆದ ಡಿಗ್ರಿಗಳು ಒಂದೊಂದೇ ಹಿಂದಿರುಗುತ್ತವೆ. ಅದೇ ಲೆಕ್ಕ ಮತ್ತೆ ಹಾಕಿದರೆ ಮಾರ್ಜಿನ್ ಎಂಟು ಹತ್ತರಿಂದ 55ರ ಸುಮಾರಿಗೆ ಏರುತ್ತದೆ. ನಿಮ್ಮ ಮೀಟರ್ ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಅಳತೆಗೆ ಧಕ್ಕೆಯಿಲ್ಲ. ಆಚೆ ತುದಿಯಲ್ಲಿ 10 ಕಿಲೋಓಂ ಭಾರ ಇದ್ದಿದ್ದರೆ ಶೇ. 1ರಷ್ಟು ಕಡಿಮೆ ಓದುತ್ತಿತ್ತು. ಆಗ ನಿಧಾನದ ಸಿಗ್ನಲ್ಲನ್ನು ರೆಸಿಸ್ಟರಿನ ಆಚೆಯಿಂದ ದೊಡ್ಡ ರೆಸಿಸ್ಟರ್ ಮೂಲಕವೂ, ವೇಗದ್ದನ್ನು ಪಿನ್ನಿನಿಂದ ಸಣ್ಣ ಕೆಪಾಸಿಟರ್ ಮೂಲಕವೂ ವಾಪಸು ತರುವ ಎರಡು ದಾರಿಯ ಜೋಡಣೆ ಬೇಕಾಗುತ್ತಿತ್ತು. ನಿಮಗೆ ಅದರ ಹಂಗಿಲ್ಲ.

ಒಂದು ಮಾತು, ನೀವು ಬಫರೇ ಬೇಡವೆಂದು ಎಲ್‌ಎಂ35ನ್ನು ನೇರ ಕೇಬಲಿಗೆ ಕಟ್ಟಿದ್ದರೂ ಇದೇ ರಗಳೆ. ಅದರೊಳಗೂ ಫೀಡ್‌ಬ್ಯಾಕ್ ಆಂಪ್ಲಿಫೈಯರ್ ಇದೆ. 50 ಪಿಕೋಫ್ಯಾರಡ್‌ವರೆಗೆ ಏನೂ ಮಾಡಬೇಕಿಲ್ಲ ಎಂದು ಅದರ ಡೇಟಾಶೀಟಿನಲ್ಲೇ ಬರೆದಿದೆ, ಅಂದರೆ ಅರ್ಧ ಮೀಟರ್ ಕೇಬಲ್.

ರೆಸಿಸ್ಟರ್ ಹಾಕಿಯೂ ಕೂಗು ಪೂರ್ತಿ ಹೋಗದಿದ್ದರೆ ಪವರ್ ಕಡೆ ನೋಡಿ. ನೇರ ತಂತಿಗೆ ಸೆಂಟಿಮೀಟರಿಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಒಂದು ಅಡಿ ತಂತಿ 1 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಓಂ. ಔಟ್‌ಪುಟ್ ಕರೆಂಟು ಆ ತಂತಿಯಲ್ಲಿ ಎದ್ದುಬಿದ್ದಾಗ ಐಸಿಯ ಪವರ್ ಪಿನ್ನೇ ಅಲುಗುತ್ತದೆ, ಅದು ಇನ್ನೊಂದು ಹಿಂಬಾಗಿಲ ಫೀಡ್‌ಬ್ಯಾಕ್. ಎರಡೂ ಪವರ್ ಪಿನ್ನುಗಳಿಂದ ಗ್ರೌಂಡಿಗೆ ಒಂದೊಂದು 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಕಾಲು ಕತ್ತರಿಸಿ, ಐಸಿಗೆ ಅಂಟಿದಂತೆ ಹಾಕಿ. ಬೋರ್ಡಿನ ಇನ್ನೊಂದು ತುದಿಯಲ್ಲಿ ಹಾಕಿದರೆ ಹಾಕಿದ ಸಮಾಧಾನ ಮಾತ್ರ. ಹಿಂಬಾಗಿಲ ಫೀಡ್‌ಬ್ಯಾಕನ್ನು ನಮ್ಮ ಹಳೆಯ ತಲೆಮಾರು ಚೆನ್ನಾಗಿ ಬಲ್ಲದು. ಟ್ರಾನ್ಸಿಸ್ಟರ್ ರೇಡಿಯೋದ ಸೆಲ್ಲು ಮುಗಿಯುತ್ತ ಬಂದಾಗ ವಾಲ್ಯೂಮ್ ಏರಿಸಿದರೆ ಪುಟಪುಟಪುಟ ಎಂದು ದೋಣಿಯ ಮೋಟಾರಿನ ಹಾಗೆ ಸದ್ದು ಮಾಡುತ್ತಿತ್ತಲ್ಲ, ಅದೇ ಇದು. ಸೆಲ್ಲಿನ ಒಳ ರೆಸಿಸ್ಟೆನ್ಸ್ ಏರಿ, ಕೊನೆ ಹಂತದ ಕರೆಂಟಿನ ಏರಿಳಿತ ಪವರ್ ತಂತಿಯ ಮೂಲಕ ಮೊದಲ ಹಂತಕ್ಕೆ ಹೋಗುತ್ತಿತ್ತು. ಸೆಲ್ಲನ್ನು ಬಿಸಿಲಿಗಿಟ್ಟರೆ ಒಂದು ಚಿತ್ರಗೀತೆಯಷ್ಟು ಹೊತ್ತು ಸರಿಯಾಗುತ್ತಿತ್ತು.

ಫೀಡ್‌ಬ್ಯಾಕ್ ರೆಸಿಸ್ಟರುಗಳೂ ಕಳ್ಳರೇ. ಗೇನ್ 11ಕ್ಕೆ ನೀವು ಯಾವ ಬೆಲೆ ಹಾಕಿದಿರೋ ಬರೆದಿಲ್ಲ. ಕರೆಂಟು ಉಳಿಸಲೆಂದು ಯಾರಾದರೂ 1 ಮೆಗಾಓಂ, 100 ಕಿಲೋಓಂ ಹಾಕಿದರೆ, ಅವೆರಡರ ಸಮಾನಾಂತರ ಬೆಲೆ 91 ಕಿಲೋಓಂ. ಮೈನಸ್ ಪಿನ್ನಿನಲ್ಲಿ ಐಸಿಯದ್ದೂ ಬ್ರೆಡ್‌ಬೋರ್ಡಿನದ್ದೂ ಸೇರಿ ಒಂದು ಹತ್ತು ಪಿಕೋಫ್ಯಾರಡ್ ಇದ್ದೇ ಇರುತ್ತದೆ. ಮೂಲೆ 175 ಕಿಲೋಹರ್ಟ್ಸ್‌ಗೆ ಬಂತು, ಮಾರ್ಜಿನ್ ಕರಗಿತು. 10 ಕಿಲೋಓಂ, 1 ಕಿಲೋಓಂ ಹಾಕಿ ನಿಶ್ಚಿಂತೆಯಿಂದಿರಿ. ದೊಡ್ಡದೇ ಬೇಕಿದ್ದರೆ ಫೀಡ್‌ಬ್ಯಾಕ್ ರೆಸಿಸ್ಟರಿನ ಮೇಲೆ ಒಂದೆರಡು ಪಿಕೋಫ್ಯಾರಡ್ ಕೆಪಾಸಿಟರ್ ಕೂರಿಸಿ.

ಗೇನ್ ಇಳಿಸುವುದರಿಂದ ಆಗುವ ಅನಾಹುತ ಪವರ್ ಆಂಪ್ಲಿಫೈಯರುಗಳಲ್ಲಿ ಇನ್ನೂ ಹೆಚ್ಚು. ಎಲ್‌ಎಂ1875, ಎಲ್‌ಎಂ3886 ಇವಕ್ಕೆ ಗೇನ್ 10ಕ್ಕಿಂತ ಕೆಳಗೆ ಸ್ಥಿರತೆಯ ಭರವಸೆಯಿಲ್ಲ. ಎನ್‌ಇ5534 ಎಂಬ ಆಡಿಯೋ ಆಪ್-ಆಂಪ್‌ಗೆ 3. ಅದಕ್ಕಿಂತ ಇಳಿಸಬೇಕಾದರೆ ಹೊರಗೆ ಕೆಪಾಸಿಟರ್ ಬೇಕು. ವಿದ್ಯಾರ್ಥಿ ದಿನಗಳಲ್ಲಿ ನಾನು ಇಂಥ ಪವರ್ ಆಂಪ್ಲಿಫೈಯರೊಂದನ್ನು ಕಟ್ಟಿ, ಸದ್ದು ಜಾಸ್ತಿಯಾಯಿತೆಂದು ಫೀಡ್‌ಬ್ಯಾಕ್ ರೆಸಿಸ್ಟರ್ ಬದಲಿಸಿ ಗೇನ್ ಇಳಿಸಿದೆ. ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ಹದಿನೈದು ನಿಮಿಷದ ಮೇಲೆ ಗೆಳೆಯನ ಸ್ಪೀಕರಿನ ಟ್ವೀಟರ್‌ನಿಂದ ವಾಸನೆ. ಕಿವಿಗೆ ಕೇಳದ ಆವರ್ತನದಲ್ಲಿ ಅದು ಅಷ್ಟೂ ಹೊತ್ತು ಕೂಗುತ್ತಿತ್ತು. ಸದ್ದು ಇಳಿಸಬೇಕಿದ್ದರೆ ವಾಲ್ಯೂಮ್ ಕಂಟ್ರೋಲನ್ನು ಇನ್‌ಪುಟ್‌ನಲ್ಲಿ ಇಡಬೇಕಿತ್ತು, ಲೂಪ್ ಮುಟ್ಟಬಾರದಿತ್ತು. ಈ ಚಿಪ್ಪುಗಳ ಔಟ್‌ಪುಟ್‌ನಲ್ಲಿ ಸಣ್ಣ ಬೆಲೆಯ ರೆಸಿಸ್ಟರೂ 100 ನ್ಯಾನೋಫ್ಯಾರಡ್ ಕೆಪಾಸಿಟರೂ ಸಾಲಾಗಿ ಗ್ರೌಂಡಿಗೆ ಇಳಿದಿರುತ್ತವಲ್ಲ, ಅವೂ ಇದಕ್ಕೇ. ಏನೂ ಕೆಲಸ ಮಾಡುವಂತೆ ಕಾಣುವುದಿಲ್ಲವೆಂದು ಕಿತ್ತವರ ಗೋಳು ಬೇರೆ.

ಸರಿಪಡಿಸಿದ ಮೇಲೆ ಪರೀಕ್ಷೆ ಮಾಡಿ. ಸೆನ್ಸರ್ ಬಿಡಿಸಿ, ಇನ್‌ಪುಟ್‌ಗೆ 100 ಮಿಲಿವೋಲ್ಟ್, 1 ಕಿಲೋಹರ್ಟ್ಸ್ ಚೌಕ ಅಲೆ ಕೊಟ್ಟು ಔಟ್‌ಪುಟ್‌ನ ಅಂಚನ್ನು ನೋಡಿ. ಒಂದು ಸಣ್ಣ ಹಾರಿಕೆಯಾಗಿ ತಣ್ಣಗಾದರೆ ಸಾಕು. ನಾಲ್ಕೈದು ಅಲೆ ಎಣಿಸಲು ಸಿಕ್ಕರೆ ಇವತ್ತು ಸುಮ್ಮನಿದ್ದದ್ದು ಮೇ ತಿಂಗಳ ಬಿಸಿಲಿನಲ್ಲಿ ಏನು ಮಾಡುತ್ತದೋ ಗೊತ್ತಿಲ್ಲ. ಪ್ರೋಬನ್ನು 10 ಪಟ್ಟಿನ ಸ್ಥಾನದಲ್ಲಿಡಿ. 1 ಪಟ್ಟಿನಲ್ಲಿಟ್ಟರೆ ಪ್ರೋಬಿನ ಕೇಬಲ್‌ನದ್ದೇ ನೂರರಷ್ಟು ಪಿಕೋಫ್ಯಾರಡ್ ಸೇರಿ, ನೋಡಲು ಹೋಗಿ ನೀವೇ ಕೂಗಿಸಿಬಿಡುತ್ತೀರಿ. ಸ್ಕೋಪ್ ವಾಪಸು ಕೊಟ್ಟಾಗಿದ್ದರೆ ಮೀಡಿಯಂ ವೇವ್ ರೇಡಿಯೋ ತನ್ನಿ. ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765 ಕಿಲೋಹರ್ಟ್ಸ್ ಇರುವ ಅದೇ ಬ್ಯಾಂಡಿನಲ್ಲಿ ನಿಮ್ಮ ಬಫರೂ 900ರಲ್ಲಿ ಒಂದು ಪುಟ್ಟ ನಿಲಯ. ರೇಡಿಯೋವನ್ನು ಕೇಬಲ್ ಪಕ್ಕ ಹಿಡಿದು ಮುಳ್ಳು ತಿರುಗಿಸಿದರೆ ಆ ಜಾಗದಲ್ಲಿ ಸುರ್ರೆಂಬ ಸದ್ದು ಅಡಗಿ ಮೌನ ಆವರಿಸುತ್ತದೆ, ಇಲ್ಲವೇ ಯಾವುದಾದರೂ ನಿಲಯಕ್ಕೆ ತಾಗಿ ಸಿಳ್ಳೆ ಕೇಳುತ್ತದೆ. ಬಫರಿನ ಪವರ್ ತೆಗೆದಾಗ ಅದು ಹೋಗಬೇಕು.

ಇನ್ನು ಗೆಳೆಯನ ಸಲಹೆ. ವೇಗದ ಐಸಿಯಲ್ಲಿ ಗೇನ್ 1ಕ್ಕೆ ಇಳಿಯುವುದು 3ರ ಬದಲು 30 ಮೆಗಾಹರ್ಟ್ಸ್‌ನಲ್ಲಿ ಅನ್ನಿ. ಆಗ ಲೂಪ್ ಗೇನ್ 400 ಕಿಲೋಹರ್ಟ್ಸ್‌ನ ಮೂಲೆಯನ್ನು ದಾಟಿ ಬಹಳ ಮೇಲಿನವರೆಗೂ 1ಕ್ಕಿಂತ ಹೆಚ್ಚೇ ಇರುತ್ತದೆ, ಕೇಬಲ್ ತನ್ನ 90 ಡಿಗ್ರಿಯನ್ನು ಬಹುತೇಕ ಪೂರ್ತಿ ಕಿತ್ತುಕೊಳ್ಳುತ್ತದೆ. ಬ್ರೆಡ್‌ಬೋರ್ಡಿನ ಪಕ್ಕದ ಸಾಲುಗಳ ನಡುವಿನ ಒಂದೆರಡು ಪಿಕೋಫ್ಯಾರಡ್ ಕೂಡ ಆಗ ಲೆಕ್ಕಕ್ಕೆ ಬರುತ್ತದೆ. ನಿಮ್ಮದು ಗಂಟೆಗೆ ಒಂದೆರಡು ಡಿಗ್ರಿ ಬದಲಾಗುವ ಸಿಗ್ನಲ್. ಅದಕ್ಕೆ ಟಿಎಲ್072 ಸಹ ಅತಿ ವೇಗದ್ದೇ.

ಮುಂದೆ ಎರಡನೇ ಪಾಲಿಹೌಸ್ ಕಟ್ಟಿ ಕೇಬಲ್ 40 ಮೀಟರ್ ಆದರೆ ಹೆದರಬೇಡಿ. 100 ಓಂ ಹಾಕಿದ ಮೇಲೆ ಲೆಕ್ಕ ತಿರುವು ಪಡೆಯುತ್ತದೆ: ಕಳೆದ ಡಿಗ್ರಿಗಳು ಹಿಂದಿರುಗಲು ಶುರುವಾಗುವ ಜಾಗವೂ 800ರಿಂದ 400 ಕಿಲೋಹರ್ಟ್ಸ್‌ಗೆ ಇಳಿದು, ಮಾರ್ಜಿನ್ 55ರಿಂದ 60ರ ಮೇಲಕ್ಕೆ ಹೋಗುತ್ತದೆ. ಅದೇ ರೆಸಿಸ್ಟರ್ ಇಟ್ಟುಕೊಂಡು ಕೇಬಲ್ ಎಳೆಯಿರಿ.